ಚಕ್ರ ಕೈಕೊಟ್ಟಾಗ ವಿಮಾನ ಹಾರಿಸುತ್ತಿರುವವರು ಯಾರು?

ನಮಸ್ಕಾರ. ವಿಮಾನದ ಚಕ್ರ ಕೈಕೊಟ್ಟ ಸುದ್ದಿ ಬಂತೆಂದರೆ ಟಿವಿಗಳಿಗೆ ಹಬ್ಬ. "ಸ್ವಲ್ಪದರಲ್ಲೇ ತಪ್ಪಿದ ಭಾರೀ ದುರಂತ" ಅಂತ ಕೆಂಪು ಅಕ್ಷರ, ಹಿಂದೆ ಢಂ ಢಂ ಸಂಗೀತ. ಎರಡು ಗಂಟೆ ಆಕಾಶದಲ್ಲೇ ಗಿರಕಿ ಹೊಡೆದರಂತೆ, ಕೊನೆಗೆ ಪೈಲಟ್ ಪವಾಡ ಮಾಡಿದರಂತೆ. ಚಕ್ರ ಇಳಿಯಿತೋ ಇಲ್ಲವೋ, ಅಷ್ಟೇ ಪ್ರಶ್ನೆ.

ನನ್ನ ಪ್ರಕಾರ ಅಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಬೇರೆ. ಎಲ್ಲರೂ ಚಕ್ರದ ಚಿಂತೆಯಲ್ಲಿದ್ದಾಗ ವಿಮಾನ ಹಾರಿಸುತ್ತಿದ್ದವರು ಯಾರು? ಚಕ್ರದ ತೊಂದರೆಯಿಂದ ಜನ ಸತ್ತ ಎರಡು ದೊಡ್ಡ ಘಟನೆಗಳನ್ನು ನೋಡಿದರೆ, ಕೊಂದದ್ದು ಚಕ್ರವೇ ಅಲ್ಲ. ಅದಕ್ಕೆ ಬರುತ್ತೇನೆ.

ಮೊದಲು ಕಾಕ್‌ಪಿಟ್ ಒಳಗೆ ಏನಾಗುತ್ತದೆ ನೋಡೋಣ. ಇಳಿಯುವ ಹೊತ್ತಿಗೆ ಗೇರ್ ಲಿವರ್ ಕೆಳಗೆ ಮಾಡುತ್ತಾರೆ. ಗೇರ್ ಅಂದರೆ ಚಕ್ರ ಮತ್ತು ಅದನ್ನು ಹೊತ್ತ ಕಾಲು. ಮೂಗಿನ ಕೆಳಗೆ ಒಂದು, ರೆಕ್ಕೆಗಳ ಬುಡದಲ್ಲಿ ಒಂದೊಂದು. ಮೂರೂ ಇಳಿದು ಲಾಕ್ ಆದರೆ ಮೂರು ಹಸಿರು ದೀಪ. ಎರಡೇ ಹತ್ತಿದವು ಅನ್ನಿ. ಆಗ ಇಳಿಯುವ ಮಾತು ಬಿಟ್ಟು ಮತ್ತೆ ಮೇಲಕ್ಕೆ. ಒಬ್ಬರು ವಿಮಾನ ಹಾರಿಸುತ್ತಾರೆ, ಬೇರೇನೂ ಮಾಡುವುದಿಲ್ಲ. ಇನ್ನೊಬ್ಬರು ಚೆಕ್‌ಲಿಸ್ಟ್ ತೆಗೆದು ಒಂದೊಂದೇ ಸಾಲು ಓದುತ್ತಾ ಹೋಗುತ್ತಾರೆ. ಗೇರ್ ಆಡಿಸುವ ಎಣ್ಣೆಯ ಒತ್ತಡ, ಅಂದರೆ ಹೈಡ್ರಾಲಿಕ್ ಒತ್ತಡವೇ ಇಲ್ಲದಿದ್ದರೂ ಗೇರ್ ಇಳಿಸಲು ಬೇರೆ ದಾರಿ ಇದೆ. ಮೇಲೆ ಹಿಡಿದಿಟ್ಟಿರುವ ಲಾಕ್ ಬಿಚ್ಚಿದರೆ ಸಾಕು, ಅದು ತನ್ನ ಭಾರಕ್ಕೇ ಕೆಳಗೆ ಬರುತ್ತದೆ. ಬಹಳಷ್ಟು ಸಲ ಕಥೆ ಇಲ್ಲಿಗೇ ಮುಗಿಯುತ್ತದೆ, ಸುದ್ದಿಯೂ ಆಗುವುದಿಲ್ಲ.

ಹಾಗಾದರೆ ಆ ಗಿರಕಿ ಯಾಕೆ? ಹೆದರಿ ಅಲ್ಲ. ಏರ್‌ಬಸ್ ಎ320, ಬೋಯಿಂಗ್ 737 ಥರದ ವಿಮಾನಗಳಲ್ಲಿ ಇಂಧನವನ್ನು ಗಾಳಿಯಲ್ಲೇ ಹೊರಗೆ ಚೆಲ್ಲುವ ವ್ಯವಸ್ಥೆ ಇಲ್ಲ. ಸುಟ್ಟೇ ಖಾಲಿ ಮಾಡಬೇಕು. ಭಾರ ಕಡಿಮೆಯಾದಷ್ಟೂ ಇಳಿಯುವ ವೇಗ ಕಡಿಮೆ. ಟ್ಯಾಂಕ್ ಖಾಲಿಯಾದಷ್ಟೂ ಬೆಂಕಿಯ ಭಯ ಕಡಿಮೆ.

2005ರ ಸೆಪ್ಟೆಂಬರ್ 21. ಅಮೆರಿಕದ ಜೆಟ್‌ಬ್ಲೂ ಕಂಪನಿಯ 292ನೇ ವಿಮಾನ. ಕ್ಯಾಲಿಫೋರ್ನಿಯಾದ ಬರ್‌ಬ್ಯಾಂಕ್‌ನಿಂದ ನ್ಯೂಯಾರ್ಕ್‌ಗೆ ಹೊರಟ ಎ320. ಮೇಲೇರಿದ ಮೇಲೆ ಮೂಗಿನ ಗೇರ್ ಒಳಗೆ ಹೋಗಲಿಲ್ಲ. ನೆಲದಿಂದ ನೋಡಲಿ ಅಂತ ತಗ್ಗಿನಲ್ಲಿ ಹಾರಿಸಿದರು. ನೋಡಿದರೆ ಮುಂದಿನ ಚಕ್ರಗಳು ಪೂರ್ತಿ 90 ಡಿಗ್ರಿ ಅಡ್ಡ ತಿರುಗಿ ನಿಂತಿವೆ! ಸುಮಾರು ಮೂರು ಗಂಟೆ ಸುತ್ತು ಹಾಕಿ ಇಂಧನ ಸುಟ್ಟರು. ಉದ್ದದ ರನ್‌ವೇ ಇದೆ ಅಂತ ಲಾಸ್ ಏಂಜಲೀಸ್‌ಗೆ ಬಂದರು. ಮುಂದಿನ ಭಾರ ತಗ್ಗಲಿ ಅಂತ ಪ್ರಯಾಣಿಕರನ್ನು ಹಿಂದಿನ ಸೀಟುಗಳಿಗೆ ಕಳಿಸಿದರು. ವಿಚಿತ್ರ ಏನೆಂದರೆ, ಸೀಟಿನ ಟಿವಿಯಲ್ಲಿ ಆ ಜನ ತಮ್ಮದೇ ವಿಮಾನದ ಲೈವ್ ಸುದ್ದಿ ನೋಡುತ್ತಾ ಕೂತಿದ್ದರು. ಇಳಿಯುವ ಮೊದಲು ಸಿಬ್ಬಂದಿ ಅದನ್ನು ಆಫ್ ಮಾಡಿದರು. ಒಳ್ಳೆಯ ಕೆಲಸ ಮಾಡಿದರು!

ಹಿಂದಿನ ಚಕ್ರಗಳು ಮೊದಲು ತಾಗಿದವು. ಆದಷ್ಟು ಹೊತ್ತು ಮೂಗನ್ನು ಗಾಳಿಯಲ್ಲೇ ಹಿಡಿದಿಟ್ಟು, ಆಮೇಲೆ ನಿಧಾನಕ್ಕೆ ಇಳಿಸಿದರು. ಟೈರ್ ಒಡೆಯಿತು, ಕಿಡಿ ಹಾರಿತು, ಲೋಹದ ಚಕ್ರ ಅರ್ಧ ಸವೆದುಹೋಯಿತು. ಒಳಗಿದ್ದ 146 ಜನರಲ್ಲಿ ಒಬ್ಬರಿಗೂ ಗಾಯ ಆಗಲಿಲ್ಲ. ಟಿವಿಗೆ ಸಿಕ್ಕಿದ್ದು ಆ ಕಿಡಿ. ನನಗೆ ದೊಡ್ಡದಾಗಿ ಕಾಣುವುದು ಅದರ ಹಿಂದಿನ ಮೂರು ಗಂಟೆ.

ಈಗ ಇನ್ನೊಂದು ಮುಖ.

1972ರ ಡಿಸೆಂಬರ್ 29, ರಾತ್ರಿ. ಈಸ್ಟರ್ನ್ ಏರ್‌ಲೈನ್ಸ್ 401 ಮಯಾಮಿಗೆ ಇಳಿಯುತ್ತಿತ್ತು. ಮೂಗಿನ ಗೇರ್‌ನ ಹಸಿರು ದೀಪ ಬರಲಿಲ್ಲ. 2,000 ಅಡಿಗೆ ಏರಿ, ಆಟೋಪೈಲಟ್ ಹಾಕಿ, ದೀಪ ನೋಡಲು ಶುರು ಮಾಡಿದರು. ಕ್ಯಾಪ್ಟನ್, ಫಸ್ಟ್ ಆಫೀಸರ್ ಇಬ್ಬರ ತಲೆಯೂ ಅಲ್ಲೇ. ಫ್ಲೈಟ್ ಎಂಜಿನಿಯರ್, ಅಂದರೆ ಯಂತ್ರಗಳ ಮೇಲೆ ಕಣ್ಣಿಡುವ ಮೂರನೆಯವರು, ಕಣ್ಣಾರೆ ನೋಡಿ ಬರಲು ಕಾಕ್‌ಪಿಟ್ ಕೆಳಗಿನ ಗೂಡಿಗೆ ಇಳಿದರು. ಜೊತೆಗಿದ್ದ ಮೆಕ್ಯಾನಿಕ್ ಕೂಡ ಸಹಾಯಕ್ಕೆ ಹೋದರು. ಅಷ್ಟರಲ್ಲಿ ಆಟೋಪೈಲಟ್ ಎತ್ತರ ಹಿಡಿದಿಡುವುದನ್ನು ಬಿಟ್ಟುಕೊಟ್ಟಿತ್ತು. ಸ್ಟಿಯರಿಂಗ್ ಕಾಲಂಗೆ ಗೊತ್ತಾಗದೆ ಕೈಯೋ ಮೈಯೋ ತಾಗಿರಬೇಕು. ವಿಮಾನ ಮೆಲ್ಲಗೆ ಕೆಳಗಿಳಿಯುತ್ತಾ ಹೋಯಿತು. ಎತ್ತರ ತಪ್ಪಿದೆ ಅಂತ ಎಚ್ಚರಿಕೆಯ ಗಂಟೆ ಬಾರಿಸಿತು, ಯಾರೂ ಕೇಳಿಸಿಕೊಳ್ಳಲಿಲ್ಲ. ನೆಲದಲ್ಲಿ ರೇಡಾರ್ ಮುಂದೆ ಕೂತವರಿಗೆ 900 ಅಡಿ ಅಂತ ಕಂಡಿತು. ಅವರು ಎತ್ತರದ ಮಾತೇ ಎತ್ತಲಿಲ್ಲ, ಹೇಗೆ ನಡೀತಿದೆ ಅಂತ ವಿಚಾರಿಸಿ ಸುಮ್ಮನಾದರು. ವಿಮಾನ ಎವರ್‌ಗ್ಲೇಡ್ಸ್ ಜೌಗಿಗೆ ಬಿತ್ತು. 101 ಜನ ಸತ್ತರು. ಗೇರ್ ಸರಿಯಾಗಿಯೇ ಇಳಿದಿತ್ತು. ಸುಟ್ಟುಹೋಗಿದ್ದು ದೀಪದ ಬಲ್ಬು.

ಒಂದು ಬಲ್ಬಿಗೆ ನಾಲ್ಕು ಜನ. ಯಾರೂ ದಡ್ಡರಲ್ಲ, ಅನುಭವಿಗಳು. ಅದೇ ಇಲ್ಲಿ ಭಯ ಹುಟ್ಟಿಸುವ ವಿಷಯ. ಕಣ್ಣೆದುರಿಗೆ ಬಿಡಿಸಲಾಗದ ಗಂಟೊಂದು ಇದ್ದರೆ ಮನುಷ್ಯನ ತಲೆ ಅಲ್ಲೇ ಸಿಕ್ಕಿಕೊಳ್ಳುತ್ತದೆ, ಅಲ್ವಾ?

ಆರು ವರ್ಷದ ನಂತರ, 1978ರ ಡಿಸೆಂಬರ್ 28. ಯುನೈಟೆಡ್ ಏರ್‌ಲೈನ್ಸ್ 173, ಡಿಸಿ-8 ವಿಮಾನ, ಅಮೆರಿಕದ ಪೋರ್ಟ್‌ಲ್ಯಾಂಡ್‌ಗೆ ಬರುತ್ತಿತ್ತು. ಗೇರ್ ಇಳಿಸುವಾಗ ಧಡ್ ಎಂದು ಸದ್ದು, ಮೂಗಿನ ಗೇರ್‌ನದ್ದು ಬಿಟ್ಟರೆ ಬೇರೆ ಹಸಿರು ದೀಪ ಇಲ್ಲ. ರೆಕ್ಕೆ ಮೇಲಿನ ಸೂಚಕಗಳು ಮಾತ್ರ ಗೇರ್ ಇಳಿದಿದೆ ಎನ್ನುತ್ತಿದ್ದವು. ಕ್ಯಾಪ್ಟನ್ ಒಳ್ಳೆಯವರೇ. ಅವಸರ ಬೇಡ, ಕ್ಯಾಬಿನ್ ಸಿಬ್ಬಂದಿ ಪ್ರಯಾಣಿಕರನ್ನು ಸರಿಯಾಗಿ ಸಿದ್ಧಪಡಿಸಲಿ ಅಂದರು. ಹೀಗೆ ಸುಮಾರು ಒಂದು ಗಂಟೆ ಸುತ್ತಿದರು. ಇಂಧನ ಕಡಿಮೆ ಆಗುತ್ತಿದೆ ಎಂದು ಫ್ಲೈಟ್ ಎಂಜಿನಿಯರ್ ಹೇಳಿದರು, ಆದರೆ ಸೂಚ್ಯವಾಗಿ. ದೊಡ್ಡವರ ಮುಂದೆ ಹೇಳುವ ಹಾಗೆ. ಎಂಜಿನ್‌ಗಳು ಒಂದೊಂದಾಗಿ ಆರಿದವು. ವಿಮಾನ ನಿಲ್ದಾಣದ ದಾರಿಯಲ್ಲೇ ಬಿತ್ತು. 189 ಜನರಲ್ಲಿ 10 ಮಂದಿ ಸತ್ತರು. ಅವರಲ್ಲಿ ಆ ಎಂಜಿನಿಯರ್ ಕೂಡ ಒಬ್ಬರು. ಬೆಂಕಿ ಹತ್ತಲಿಲ್ಲ. ಹತ್ತಲು ಇಂಧನವೇ ಇರಲಿಲ್ಲ.

ನೋಡಿ, ಜೆಟ್‌ಬ್ಲೂ, ಯುನೈಟೆಡ್ ಎರಡೂ ಕಡೆ ಮಾಡಿದ್ದು ಅದೇ ಕೆಲಸ, ಸುತ್ತುವುದು. ಜೆಟ್‌ಬ್ಲೂನಲ್ಲಿ ಅದು ಲೆಕ್ಕ ಹಾಕಿ ಸುತ್ತಿದ್ದು. ಪೋರ್ಟ್‌ಲ್ಯಾಂಡ್‌ನಲ್ಲಿ ಲೆಕ್ಕವೇ ತಪ್ಪಿತು. ಇದಾದ ಮೇಲೆಯೇ ನಾಸಾ 1979ರಲ್ಲಿ ಒಂದು ಕಾರ್ಯಾಗಾರ ನಡೆಸಿತು. ಯುನೈಟೆಡ್ 1981ರಿಂದ ಸಿಬ್ಬಂದಿಗೆ ಹೊಸ ತರಬೇತಿ ಶುರು ಮಾಡಿತು. ಅದನ್ನೇ ಈಗ ಸಿಆರ್‌ಎಂ ಅನ್ನುತ್ತಾರೆ, ಕ್ರೂ ರಿಸೋರ್ಸ್ ಮ್ಯಾನೇಜ್‌ಮೆಂಟ್. ಕಿರಿಯರು ಬಾಯಿಬಿಟ್ಟು ಹೇಳಬೇಕು, ಹಿರಿಯರು ಕೇಳಬೇಕು, ಕೆಲಸ ಹಂಚಿಕೊಳ್ಳಬೇಕು. ವಿಮಾನಯಾನದಲ್ಲಿ ಯಾವುದೇ ಯಂತ್ರಕ್ಕಿಂತ ಇದು ಕಡಿಮೆ ಜೀವ ಉಳಿಸಿಲ್ಲ ಅಂತ ನನ್ನ ಅಭಿಪ್ರಾಯ. ಆದರೆ ಇದಕ್ಕೆ ಫೋಟೋ ಇಲ್ಲ, ಟಿವಿಯಲ್ಲಿ ತೋರಿಸುವುದು ಏನು?

ಕ್ಯಾಬಿನ್ ಸಿಬ್ಬಂದಿಯ ಕೆಲಸವೂ ಹಾಗೆಯೇ, ಯಾರಿಗೂ ಕಾಣುವುದಿಲ್ಲ. ಮೂಗಿನ ಗೇರ್ ಕುಸಿದರೆ ವಿಮಾನದ ಬಾಲ ಮೇಲೇಳುತ್ತದೆ, ತುರ್ತಾಗಿ ಜಾರಿ ಇಳಿಯಲು ಹಿಂದಿನ ಬಾಗಿಲಿಗಿರುವ ಜಾರುಬಂಡೆ ಕಡಿದಾಗಿ ನಿಲ್ಲುತ್ತದೆ. ಬಾಗಿಲು ತೆಗೆಯುವ ಮೊದಲು ಹೊರಗೆ ಬೆಂಕಿ ಇದೆಯಾ, ಯಾವ ಬಾಗಿಲು ಬಳಸಬಹುದು ಎಂದು ಕ್ಷಣದಲ್ಲಿ ತೀರ್ಮಾನಿಸಬೇಕು. ಅರ್ಧ ಬಾಗಿಲುಗಳಲ್ಲೇ 90 ಸೆಕೆಂಡಿನಲ್ಲಿ ವಿಮಾನ ಖಾಲಿಯಾಗುತ್ತದೆ ಎಂದು ತೋರಿಸಿದರಷ್ಟೇ ವಿಮಾನಕ್ಕೆ ಪರವಾನಗಿ. ಆ ಲೆಕ್ಕದಲ್ಲಿ ಮೇಲಿನ ಬ್ಯಾಗ್ ಇಳಿಸಿಕೊಳ್ಳುವವರಿಗೆ ಒಂದು ಸೆಕೆಂಡೂ ಇಟ್ಟಿಲ್ಲ.

ಕೊನೆಗೆ ಒಂದು ಘಟನೆ. ಹೀರೋ ಪೂಜೆ ಮಾಡುವವರಿಗೆ ಇದು ಸ್ವಲ್ಪ ಕಹಿ ಆಗಬಹುದು. 2011ರ ನವೆಂಬರ್ 1ರಂದು ಪೋಲೆಂಡಿನ ಲಾಟ್ ಏರ್‌ಲೈನ್ಸ್‌ನ ಬೋಯಿಂಗ್ 767 ವಾರ್ಸಾದಲ್ಲಿ ಹೊಟ್ಟೆಯ ಮೇಲೆ ಇಳಿಯಿತು. ಅಮೆರಿಕದ ನೆವಾರ್ಕ್ ಬಿಟ್ಟ ಸ್ವಲ್ಪ ಹೊತ್ತಿಗೇ ಹೈಡ್ರಾಲಿಕ್ ಎಣ್ಣೆ ಸೋರಿತ್ತು, ಇಳಿಯುವಾಗ ಗೇರ್ ಇಳಿಸುವ ಬದಲಿ ವ್ಯವಸ್ಥೆಯೂ ಕೆಲಸ ಮಾಡಲಿಲ್ಲ. ಎಫ್-16 ಯುದ್ಧವಿಮಾನಗಳು ಹತ್ತಿರ ಬಂದು ನೋಡಿ ಚಕ್ರ ಇಳಿದಿಲ್ಲ ಎಂದವು. ಕ್ಯಾಪ್ಟನ್ ತಡೆಯುಶ್ ವ್ರೋನಾ ಅದನ್ನು ಎಷ್ಟು ನಾಜೂಕಾಗಿ ಇಳಿಸಿದರೆಂದರೆ, 231 ಜನರೂ ಗಾಯವಿಲ್ಲದೆ ಹೊರಬಂದರು. ಆ ಕೈಚಳಕಕ್ಕೆ ಎಷ್ಟು ಚಪ್ಪಾಳೆ ಹೊಡೆದರೂ ಕಡಿಮೆ.

ಆಮೇಲೆ ತನಿಖೆ ಮಾಡುವವರು ವಿಮಾನವನ್ನು ಎತ್ತಿ ನಿಲ್ಲಿಸಿ ನೋಡಿದರು. ಬದಲಿ ವ್ಯವಸ್ಥೆಗೆ ಕರೆಂಟ್ ಕೊಡುವ ಒಂದು ಸರ್ಕ್ಯೂಟ್ ಬ್ರೇಕರ್‌ನ ಗುಂಡಿ ಹೊರಗೆ ಬಂದಿತ್ತು, ಅಂದರೆ ಕರೆಂಟ್ ಕಡಿದುಹೋಗಿತ್ತು. ಅದನ್ನು ಒತ್ತಿ, ಸ್ವಿಚ್ ಹಾಕಿದರು. ಗೇರ್ ಇಳಿಯಿತು. ಹಾರಾಟದಲ್ಲಿ ಆ ಬ್ರೇಕರ್ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಅದರಿಂದ ವ್ರೋನಾ ಅವರ ಬೆಲೆ ಒಂದು ಚೂರೂ ಕಡಿಮೆ ಆಗುವುದಿಲ್ಲ. ಆದರೆ ನಾಳೆ ಇನ್ನೊಂದು 767ರಲ್ಲಿ ಕೂರುವ ಪೈಲಟ್‌ಗೆ ಚಪ್ಪಾಳೆಗಿಂತ ಆ ಬ್ರೇಕರ್‌ನ ಕಥೆಯೇ ಜಾಸ್ತಿ ಉಪಯೋಗಕ್ಕೆ ಬರುತ್ತದೆ.