ಜೊಲ್ಲು ಸುರಿಸುವ ಮರಿ, ದಾರಿ ತಪ್ಪಿದ ರಕ್ತ

ಎಲ್ಲರಿಗೂ ನಮಸ್ಕಾರ. ಭಾನುವಾರದ ದೋಸೆ ಬಿಟ್ಟು, ಬೆಕ್ಕಿನ ಲಿವರ್ ಕಾಯಿಲೆ ಬಗ್ಗೆ ಕೇಳಲು ಮಲ್ಲೇಶ್ವರಕ್ಕೆ ಬಂದಿದ್ದೀರಿ, ಅದಕ್ಕೆ ಮೊದಲು ಥ್ಯಾಂಕ್ಸ್. ನಾನು ಮಾಡಿದ ಒಂದು ತಪ್ಪಿನಿಂದಲೇ ಶುರು ಮಾಡುತ್ತೇನೆ.

ಕೆಲವು ವರ್ಷಗಳ ಹಿಂದೆ ನನ್ನ ಪಶು ಕ್ಲಿನಿಕ್‌ಗೆ ಒಂದು ಬೆಕ್ಕಿನ ಮರಿ ಬಂತು. ಆರು ತಿಂಗಳು ತುಂಬಿತ್ತು, ನೋಡಿದರೆ ಮೂರು ತಿಂಗಳಿನದು ಅನ್ನಬೇಕು. ಊಟ ಆಗಿ ಒಂದೆರಡು ಗಂಟೆಗೆ ಗದ್ದದಿಂದ ಜೊಲ್ಲು ದಾರದ ಹಾಗೆ ಇಳಿಯುತ್ತಿತ್ತು. ಬಾಯಿ ತೆರೆದು ನೋಡಿದೆ. ಹಲ್ಲು, ವಸಡು ಎಲ್ಲ ಚೆನ್ನಾಗಿತ್ತು. ಹಲ್ಲಿಯನ್ನೋ ಜಿರಳೆಯನ್ನೋ ಕಚ್ಚಿರಬೇಕು ಅಂದುಕೊಂಡು ಮಾತ್ರೆ ಕೊಟ್ಟು ಕಳಿಸಿದೆ. ಎರಡು ವಾರಕ್ಕೆ ಫಿಟ್ಸ್ ಬಂದು ವಾಪಸ್ ತಂದರು. ಆಗ ಟಾರ್ಚ್ ಹಿಡಿದು ಕಣ್ಣು ನೋಡಿದೆ. ಈಗಷ್ಟೇ ಹುಣಸೆಹಣ್ಣಲ್ಲಿ ಉಜ್ಜಿದ ತಾಮ್ರದ ಚೊಂಬಿನ ಬಣ್ಣ. ಪರ್ಷಿಯನ್ ಬೆಕ್ಕಿಗೆ ಈ ಬಣ್ಣ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ. ನಮ್ಮ ಬೀದಿಯ ಮರಿಗೆ ಈ ಕಣ್ಣು, ಜೊತೆಗೆ ಜೊಲ್ಲು, ಜೊತೆಗೆ ಬೆಳವಣಿಗೆ ಇಲ್ಲ ಅಂದರೆ ಲಿವರ್ ಕಡೆ ನೋಡಲೇಬೇಕು.

ಏನಾಗಿರುತ್ತದೆ? ಬೆಳ್ಳಂದೂರು ಕೆರೆ ನೆನಪಿಸಿಕೊಳ್ಳಿ. ಕೊಳಚೆ ನೀರು ಶುದ್ಧೀಕರಣ ಘಟಕಕ್ಕೆ ಹೋಗದೆ ನೇರ ಕೆರೆಗೆ ಬಿದ್ದು ನೊರೆ ರಸ್ತೆಗೆ ಹಾರಿತು, 2017ರಲ್ಲಿ ಬೆಂಕಿಯೇ ಹತ್ತಿತು. ಬೆಕ್ಕಿನ ಕರುಳಿನಿಂದ ಬರುವ ರಕ್ತವೂ ಮೊದಲು ಲಿವರ್‌ಗೆ ಹೋಗಿ ಶುದ್ಧವಾಗಬೇಕು. ಊಟದ ಪ್ರೋಟೀನ್‌ನಿಂದ ಕರುಳಲ್ಲಿ ಹುಟ್ಟುವ ಅಮೋನಿಯಾ ಮೆದುಳಿಗೆ ವಿಷ, ಅದು ಲಿವರ್‌ನಲ್ಲಿ ಯೂರಿಯಾ ಆಗುತ್ತದೆ. ಈ ಮರಿಗಳಲ್ಲಿ ಒಂದು ಅಡ್ಡನಾಳ ಇರುತ್ತದೆ, ಅದನ್ನೇ ಶಂಟ್ ಅನ್ನುತ್ತೇವೆ. ಅದರಲ್ಲಿ ರಕ್ತ ಲಿವರ್ ತಪ್ಪಿಸಿ ನೇರ ಹೃದಯದ ಕಡೆ, ಅಲ್ಲಿಂದ ಮೆದುಳಿಗೆ. ಊಟದ ನಂತರವೇ ಜೊಲ್ಲು ಜಾಸ್ತಿ ಯಾಕೆ ಅಂತ ಈಗ ಗೊತ್ತಾಯಿತಲ್ವಾ?

ಹೊಟ್ಟೆಯೊಳಗಿನ ಮರಿಗಳಿಗೆಲ್ಲ ಲಿವರ್ ಒಳಗೆ ಇಂಥದ್ದೊಂದು ಅಡ್ಡದಾರಿ ಇರುತ್ತದೆ, ಯಾಕೆಂದರೆ ಆಗ ಶುದ್ಧ ಮಾಡುವ ಕೆಲಸ ತಾಯಿಯದು. ಹುಟ್ಟಿದ ಕೆಲವೇ ದಿನಗಳಲ್ಲಿ ಅದು ಮುಚ್ಚಿಕೊಳ್ಳುತ್ತದೆ. ಮುಚ್ಚದೇ ಉಳಿದರೆ ಅದು ಒಳಗಿನ ಶಂಟ್. ಬೆಕ್ಕುಗಳಲ್ಲಿ ಜಾಸ್ತಿ ಕಾಣುವುದು ಲಿವರ್ ಹೊರಗಿನ ಶಂಟ್.

ಪತ್ತೆಗೆ ಹನ್ನೆರಡು ಗಂಟೆ ಹೊಟ್ಟೆ ಖಾಲಿ ಇಟ್ಟು ಒಮ್ಮೆ, ಊಟ ಹಾಕಿ ಎರಡು ಗಂಟೆಗೆ ಇನ್ನೊಮ್ಮೆ ರಕ್ತ ತೆಗೆದು ಬೈಲ್ ಆಸಿಡ್, ಅಂದರೆ ಪಿತ್ತದ ಆಮ್ಲ, ನೋಡುತ್ತೇವೆ. ಶಂಟ್ ಇದ್ದರೆ ಊಟದ ನಂತರ ಅದು ರಕ್ತದಲ್ಲಿ ಏರಿರುತ್ತದೆ. ಆಮೇಲೆ ಅಲ್ಟ್ರಾಸೌಂಡ್ ಸ್ಕ್ಯಾನಿಂಗ್, ಸಾಧ್ಯವಾದರೆ ರಕ್ತನಾಳಕ್ಕೆ ಬಣ್ಣದ ಔಷಧಿ ಹಾಕಿ ಸಿಟಿ ಸ್ಕ್ಯಾನ್. ನಾಳ ಎಲ್ಲಿದೆ ಅಂತ ಗೊತ್ತಾಗದೆ ಆಪರೇಷನ್ ಮಾತೇ ಬೇಡ. ಅಲ್ಲಿಯವರೆಗೆ ಕರುಳಿನ ಅಮೋನಿಯಾ ಇಳಿಸುವ ಲ್ಯಾಕ್ಟುಲೋಸ್ ಸಿರಪ್, ಆಂಟಿಬಯಾಟಿಕ್, ಫಿಟ್ಸ್ ಮಾತ್ರೆ. ಪ್ರೋಟೀನ್ ಕಡಿಮೆ ಮಾಡಿ ಅಂದ ಕೂಡಲೇ ಕೆಲವರು ಮೊಸರನ್ನ ಶುರು ಮಾಡುತ್ತಾರೆ. ದಯವಿಟ್ಟು ಬೇಡ. ಬೆಕ್ಕು ಮಾಂಸ ಇಲ್ಲದೆ ಬದುಕುವ ಪ್ರಾಣಿ ಅಲ್ಲ. ಮಾಂಸದಲ್ಲಿ ಸಿಗುವ ಆರ್ಜಿನಿನ್ ಅನ್ನುವ ಅಮೈನೋ ಆಮ್ಲ ಇಲ್ಲದಿದ್ದರೆ ಅಮೋನಿಯಾ ಇನ್ನೂ ಏರುತ್ತದೆ.

ಈಗ ನೀವು ಕೇಳಲು ಬಂದ ವಿಷಯ, ಹೊಟ್ಟೆ ಕೊಯ್ಯದೆ ಮಾಡುವ ಚಿಕಿತ್ಸೆ. ಕುತ್ತಿಗೆಯಲ್ಲಿ ನಾಣ್ಯದಷ್ಟು ಜಾಗ ಬೋಳಿಸಿ, ದೊಡ್ಡ ರಕ್ತನಾಳಕ್ಕೆ ಸೂಜಿ ಹಾಕಿ, ತಂತಿ ಬಿಡುತ್ತಾರೆ. ಎಕ್ಸ್‌ರೇ ಪರದೆಯಲ್ಲಿ ತಂತಿ ಹೃದಯ ದಾಟಿ ಕೆಳಗಿಳಿಯುವುದು ಕಾಣುತ್ತದೆ. ಶಂಟ್ ಬಂದು ಸೇರುವ ಜಾಗದಲ್ಲಿ ದೊಡ್ಡ ನಾಳದೊಳಗೆ ಜಾಲರಿಯಂಥ ಸ್ಟೆಂಟ್ ಬಿಚ್ಚುತ್ತಾರೆ. ಜಾಲರಿಯ ಕಣ್ಣಿನಿಂದ ತೂರಿ, ಶಂಟ್ ಒಳಗೆ ಒಂದೊಂದೇ ಕಾಯಿಲ್ ಇಡುತ್ತಾರೆ. ಕಾಯಿಲ್ ಅಂದರೆ ಸುರುಳಿ ತಂತಿ, ಮೈ ತುಂಬ ಸಣ್ಣ ಎಳೆಗಳು. ಎಳೆಗಳಿಗೆ ರಕ್ತ ಹೆಪ್ಪುಗಟ್ಟಿ ದಾರಿ ಕಿರಿದಾಗುತ್ತದೆ. ಸ್ಟೆಂಟ್ ಇರುವುದು ಕಾಯಿಲ್ ಜಾರಿ ಹೃದಯಕ್ಕೆ ಹೋಗದಿರಲಿ ಅಂತ. ಪ್ರತಿ ಕಾಯಿಲ್ ಆದ ಮೇಲೂ ಒತ್ತಡ ಅಳೆಯುತ್ತಾರೆ. ಪೂರ್ತಿ ಒಂದೇ ಸಲ ಮುಚ್ಚಿದರೆ ಬಳಸದೇ ಬಿದ್ದಿದ್ದ ಲಿವರ್‌ನ ಸಣ್ಣ ನಾಳಗಳು ಅಷ್ಟು ರಕ್ತ ತಡೆಯಲಾರವು. ಕರುಳಲ್ಲಿ ರಕ್ತ ನಿಂತು ಪ್ರಾಣಕ್ಕೇ ಬರುತ್ತದೆ.

ಚೆನ್ನಾಗಿದೆ ಅಲ್ವಾ? ಆದರೆ ಇದು ಮುಖ್ಯವಾಗಿ ಲಿವರ್ ಒಳಗಿನ ಶಂಟ್‌ಗೆ. ನಿಮ್ಮ ಬೆಕ್ಕಿನದು ಬಹುಶಃ ಹೊರಗಿನದು. ಅದಕ್ಕೆ ಹೊಟ್ಟೆ ತೆರೆದು ಶಂಟ್ ಸುತ್ತ ಉಂಗುರ ಹಾಕುವುದೇ ಸಾಮಾನ್ಯ. ನನಗೆ ಈ ಉಂಗುರ ತುಂಬ ಇಷ್ಟ. ಹೊರಗೆ ಸ್ಟೀಲ್, ಒಳಗೆ ಕೇಸಿನ್. ಹೌದು, ಪನೀರಿನಲ್ಲಿರುವ ಅದೇ ಹಾಲಿನ ಪ್ರೋಟೀನ್. ನೆನೆಸಿದ ಕಡಲೆ ಹಾಗೆ ಅದು ಉಬ್ಬುತ್ತದೆ. ಸ್ಟೀಲ್ ಹೊರಗೆ ಬಿಡುವುದಿಲ್ಲ, ಅದಕ್ಕೆ ಒಳಮುಖವಾಗಿ ಉಬ್ಬಿ ನಾಳವನ್ನು ವಾರಗಟ್ಟಲೆ ನಿಧಾನ ಅಮುಕುತ್ತದೆ. ಗಾಯ ಸಣ್ಣದಾ ದೊಡ್ಡದಾ ಅಂತ ಎಲ್ಲರೂ ಕೇಳುತ್ತಾರೆ. ಎಷ್ಟು ನಿಧಾನವಾಗಿ ಮುಚ್ಚುತ್ತೀರಿ ಅಂತ ಕೇಳಿ.

ಯಾವ ದಾರಿಯಲ್ಲಿ ಮಾಡಿದರೂ ಮೊದಲ ಕೆಲವು ದಿನ ಹುಷಾರು. ಬೆಕ್ಕುಗಳಿಗೆ ಆಗ ಫಿಟ್ಸ್ ಬರಬಹುದು, ಕಣ್ಣು ಕಾಣದಂತೆ ಆಗಬಹುದು. ನಾಯಿಗಿಂತ ಬೆಕ್ಕಿನಲ್ಲಿ ಈ ಕಾಟ ಜಾಸ್ತಿ. ನಮ್ಮ ಮರಿಗೆ ಉಂಗುರ ಹಾಕಿದ ಎರಡನೇ ರಾತ್ರಿ ಮುಖ ಅದುರಲು ಶುರುವಾಯಿತು. ಬೆಳಗಿನವರೆಗೆ ಡ್ರಿಪ್ ಪಕ್ಕದಲ್ಲೇ ಕೂತಿದ್ದೆವು. ನಾಲ್ಕನೇ ದಿನ ನನ್ನ ಕೈ ಕಚ್ಚಿತು.

ಸರಿ, ಪ್ರಶ್ನೆ ಕೇಳಿ. ರಿಪೋರ್ಟ್ ತಂದಿರುವವರು ಮುಂದೆ ಬನ್ನಿ.