ಈ ವರ್ಷದ ಬಣ್ಣ ಕುಬಸಕ್ಕಿರಲಿ

ಕೇಳುಗರೆಲ್ಲರಿಗೂ ನಮಸ್ಕಾರ.

ಹುಬ್ಬಳ್ಳಿಯ ದುರ್ಗದಬೈಲಿಗೆ ಹೋಗಿ, ಗದಗದ ಪೇಟೆಗೆ ಹೋಗಿ, ಸೀರೆ ಅಂಗಡಿಯಲ್ಲಿ ಕೂತ ಕೂಡಲೇ ಕೇಳುವ ಮಾತು ಒಂದೇ: ‘ಈ ಸಲ ಇದ ಕಲರ್ ಭಾಳ ನಡದೈತ್ರಿ ಅಕ್ಕಾರ.’ ಹೋದ ವರ್ಷ ನಡೆದಿದ್ದ ಬಣ್ಣ ಅಷ್ಟರಲ್ಲಿ ಕೆಳಗಿನ ಕಪಾಟಿಗೆ ಇಳಿದಿರುತ್ತದೆ. ಅದರಲ್ಲಿ ಏನು ಕೆಟ್ಟಿತ್ತು? ಏನೂ ಕೆಟ್ಟಿರುವುದಿಲ್ಲ.

ಈ ‘ನಡೆಯುವ ಬಣ್ಣ’ ಎಲ್ಲಿಂದ ಬರುತ್ತದೆ ಅನ್ನುವುದನ್ನು ಸ್ವಲ್ಪ ನೋಡೋಣ. ದೊಡ್ಡ ಜವಳಿ ಕಂಪನಿಗಳು ನೂಲಿಗೆ ಬಣ್ಣ ಹಾಕಿಸಬೇಕು, ನೇಯಿಸಬೇಕು, ಹೊಲಿಸಬೇಕು, ಊರೂರಿಗೆ ಕಳಿಸಬೇಕು. ಹಾಗಾಗಿ ಯಾವ ಬಣ್ಣ ಅನ್ನುವುದು ಅಂಗಡಿಗೆ ಬಟ್ಟೆ ಬರುವ ಎಷ್ಟೋ ಮೊದಲೇ ಗೊತ್ತಾಗಬೇಕು. ಇದಕ್ಕೆಂದೇ 1963ರಲ್ಲಿ ಪ್ಯಾರಿಸ್‌ನಲ್ಲಿ ಇಂಟರ್‌ಕಲರ್ ಎಂಬ ಒಕ್ಕೂಟ ಹುಟ್ಟಿತು. ಬೇರೆ ಬೇರೆ ದೇಶದ ತಜ್ಞರು ವರ್ಷಕ್ಕೆರಡು ಸಲ ಸೇರಿ, ಸುಮಾರು ಎರಡು ವರ್ಷ ಮುಂದಿನ ಬೇಸಿಗೆಗೊಂದು, ಚಳಿಗಾಲಕ್ಕೊಂದು ಬಣ್ಣದ ಪಟ್ಟಿ ಮಾಡುತ್ತಾರೆ. ಇನ್ನು ಅಮೆರಿಕದ ಪ್ಯಾಂಟೋನ್ ಕಂಪನಿ 2000ದಿಂದ ‘ವರ್ಷದ ಬಣ್ಣ’ ಅಂತ ಒಂದನ್ನು ಸಾರುತ್ತ ಬಂದಿದೆ. ಮೊದಲನೆಯದು ಆಕಾಶದ ನೀಲಿ. 2023ಕ್ಕೆ ಮಜೆಂಟಾ, 2024ಕ್ಕೆ ಪೀಚ್ ಹಣ್ಣಿನ ಬಣ್ಣ, 2025ಕ್ಕೆ ಮೋಕಾ ಕಂದು, 2026ಕ್ಕೆ ಬಿಳಿ.

ಆ ಪಟ್ಟಿಗಳ ಬಗ್ಗೆ ನನಗೆ ತಕರಾರಿಲ್ಲ. ಆದರೆ ಬೇಸಿಗೆಗೆ ತಿಳಿ ಬಣ್ಣ, ಚಳಿಗಾಲಕ್ಕೆ ಗಾಢ ಬಣ್ಣ ಅನ್ನುವ ಲೆಕ್ಕ ಅಲ್ಲಿನ ಬಿಸಿಲು, ಅಲ್ಲಿನ ಹಿಮ ನೋಡಿ ಹುಟ್ಟಿದ್ದು. ನಮ್ಮ ಕಡೆ ಶಿವರಾತ್ರಿ ಮುಗಿಯಿತೆಂದರೆ ಎಂಥ ಬಿಸಿಲು ಗೊತ್ತಲ್ವಾ? ಆ ಬೆಳಕಿನಲ್ಲಿ ತೀರಾ ತಿಳಿ ಬಣ್ಣ ಕಳೆಗುಂದಿ ಕಾಣುತ್ತದೆ. ಕೆಂಪು, ಅರಿಶಿನ, ಗಿಳಿ ಹಸಿರು ಮಾತ್ರ ಗಟ್ಟಿಯಾಗಿ ನಿಲ್ಲುತ್ತವೆ. ನಮ್ಮ ಹಿರಿಯರ ಸೀರೆಗಳಲ್ಲಿ ಅಷ್ಟು ಗಾಢ ಬಣ್ಣಗಳು ಯಾಕಿದ್ದವು ಅಂದರೆ, ಎರೆಹೊಲದ ಬಿಸಿಲಿನಲ್ಲಿ ನಿಂತು ನೋಡಿದವರಿಗೆ ಅದನ್ನು ಬೇರೆ ಹೇಳಬೇಕಿಲ್ಲ ಅಂತ ನನಗನ್ನಿಸುತ್ತದೆ.

ನಮ್ಮಲ್ಲೂ ಕಾಲಕ್ಕೊಂದು ಬಣ್ಣ ಇದೆ. ಚಳಿ ಇಳಿಯುವ ಹೊತ್ತಿಗೆ ಗದಗಿನ ಎರೆಹೊಲದಲ್ಲಿ ಕುಸುಬೆ ಹೂ ಬಿಡುತ್ತದೆ, ಹಳದಿಯಿಂದ ಕೇಸರಿಗೆ ತಿರುಗುತ್ತದೆ. ಹಿಂದೆ ಆ ಹೂವಿನ ಎಸಳಿನಿಂದಲೇ ಬಟ್ಟೆಗೆ ಹಳದಿ, ಕೆಂಪು ಬಣ್ಣ ತೆಗೆಯುತ್ತಿದ್ದರು. ಅದೇ ದಿನಗಳಲ್ಲಿ ಬ್ಯಾಡಗಿ ಮಾರುಕಟ್ಟೆಗೆ ಹೋಗಿ ನೋಡಿ, ಕಣ್ಣು ಹಾಯುವಷ್ಟು ದೂರ ಬರೀ ಕೆಂಪು. ಬ್ಯಾಡಗಿ ಮೆಣಸಿನಕಾಯಿಗೆ ಬೆಲೆ ಬರುವುದು ಖಾರಕ್ಕಿಂತ ಜಾಸ್ತಿ ಬಣ್ಣಕ್ಕೆ. ಅದರ ಬಣ್ಣ ಅಳೆಯಲು ಅಸ್ಟಾ ಎಂಬ ಅಳತೆಯೇ ಇದೆ. ಅದರಿಂದ ತೆಗೆದ ಸತ್ವ ಲಿಪ್‌ಸ್ಟಿಕ್, ಉಗುರುಬಣ್ಣಗಳಿಗೂ ಹೋಗುತ್ತದೆ. ಹಾವೇರಿ ಜಿಲ್ಲೆಯ ಹೊಲದ ಕೆಂಪು ಜಗತ್ತಿನ ಫ್ಯಾಷನ್ನಿಗೆ ಸೇರುತ್ತಿದೆ ಅಂದರೆ ನನಗಂತೂ ಬಹಳ ಹೆಮ್ಮೆ.

ಸಂಕ್ರಾಂತಿಗೆ ಕಪ್ಪು ಸೀರೆ ಉಡುವ ರೂಢಿಯೂ ಇದೆ. ಮರಾಠಿ ಮನೆಗಳಲ್ಲಿ ಜಾಸ್ತಿ, ನಮ್ಮ ಕಡೆಯ ಕೆಲವು ಮನೆಗಳಲ್ಲೂ ಉಂಟು. ಬೇರೆ ಹಬ್ಬಕ್ಕೆ ಬೇಡವೆನ್ನುವ ಕಪ್ಪು ಆ ದಿನ ಬೇಕು, ಯಾಕೆಂದರೆ ಚಳಿ, ಕಪ್ಪು ಬಟ್ಟೆ ಬಿಸಿಲನ್ನು ಹೀರಿ ಬೆಚ್ಚಗಿಡುತ್ತದೆ. ಧಾರವಾಡದ ಕಸೂತಿ ಹಾಕಿದ ಚಂದ್ರಕಾಳಿ ಸೀರೆ ನೋಡಿದ್ದೀರಲ್ಲ, ಕಪ್ಪಿನ ಮೇಲೆ ಗೋಪುರ, ತೇರು, ತುಳಸಿಕಟ್ಟೆ ಹೇಗೆ ಎದ್ದು ಕಾಣುತ್ತವೆ! ಅದಕ್ಕೆ ಯಾವ ಪಟ್ಟಿಯೂ ಬೇಕಿಲ್ಲ.

ನವರಾತ್ರಿಯ ಒಂಬತ್ತು ಬಣ್ಣ ಮಾತ್ರ ಹೊಸದು. ಮುಂಬೈ ಕಡೆಯ ಮರಾಠಿ ಪತ್ರಿಕೆಯಿಂದ ಶುರುವಾಗಿ ಈಗ ನಮ್ಮ ಬ್ಯಾಂಕು, ಶಾಲೆ, ಆಫೀಸುಗಳವರೆಗೂ ಬಂದಿದೆ. ಗೆಳತಿಯರೆಲ್ಲ ಒಂದೇ ಬಣ್ಣದಲ್ಲಿ ಬಂದು ಫೋಟೋ ತೆಗೆಸಿಕೊಳ್ಳುವುದು ಚೆಂದವೇ. ಆದರೆ ಒಂಬತ್ತು ದಿನಕ್ಕೆ ಒಂಬತ್ತು ಹೊಸ ಸೀರೆ ಕೊಂಡು ಆಮೇಲೆ ಮುಟ್ಟದಿದ್ದರೆ, ಅದು ದುಡ್ಡಿಗೂ ದಂಡ, ನೀರಿಗೂ ದಂಡ. ಬಣ್ಣ ಹಾಕಲು, ತೊಳೆಯಲು ಎಷ್ಟು ನೀರು ಹೋಗುತ್ತದೆ ಅಂತ ಬಣ್ಣದ ಮನೆಯಲ್ಲಿ ನಿಂತು ಒಮ್ಮೆ ನೋಡಬೇಕು.

ಹಾಗಾದರೆ ಹೊಸ ಬಣ್ಣ ಬೇಡವೇ? ಬೇಕು. ಅದನ್ನು ಕುಬಸದಲ್ಲಿ, ಅಂದರೆ ರವಿಕೆಯಲ್ಲಿ ತನ್ನಿ. ಇಳಕಲ್ ಸೀರೆಯನ್ನೇ ತೆಗೆದುಕೊಳ್ಳಿ. ಒಡಲಿನ ಹಾಸು, ಅಂದರೆ ಉದ್ದಕ್ಕೆ ಹೂಡಿದ ನೂಲು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆ ಎಳೆಯಾಗಿ ಕುಣಿಕೆ ಹಾಕಿ ಜೋಡಿಸುತ್ತಾರೆ. ಹಾಗಾಗಿ ಒಡಲು ಹಸಿರಿರಲಿ, ನೀಲಿಯಿರಲಿ, ಸೆರಗು ಮಾತ್ರ ಅದೇ ಕೆಂಪು, ಅದರಲ್ಲಿ ಬಿಳಿ ತೆನೆ. ಗಜೇಂದ್ರಗಡದ ಪಟ್ಟೆದ ಅಂಚಿನ ಸೀರೆಯಲ್ಲೂ ಅಷ್ಟೇ, ಚೌಕಳಿ ಒಡಲು, ಅಗಲ ಅಂಚು, ಕೆಂಪು, ಅರಿಶಿನದಂಥ ಕೆಲವೇ ಬಣ್ಣ, ಯಾವ ಮಗ್ಗಲು ಉಟ್ಟರೂ ನಡೆಯುತ್ತದೆ. ಇಂಥ ಸೀರೆ ವರ್ಷ ವರ್ಷ ಬದಲಿಸುವಂಥದ್ದಲ್ಲ. ಅದರ ಜೊತೆ ಈ ವರ್ಷ ಬಿಳಿ ಕುಬಸ ತೊಡಿ, ಬರುವ ವರ್ಷ ಬೇರೆ ತೊಡಿ. ಒಂದು ಖಣದಷ್ಟು, ಅಂದರೆ ಒಂದು ಕುಬಸಕ್ಕಾಗುವಷ್ಟು ಬಟ್ಟೆಯಲ್ಲಿ ಫ್ಯಾಷನ್ ಮುಗಿಯಿತು!

ಗುಳೇದಗುಡ್ಡದ ಖಣವಂತೂ ಇದಕ್ಕೆ ಹೇಳಿ ಮಾಡಿಸಿದ್ದು. ಉದ್ದದ ಹಾಸಿನಲ್ಲಿ ಒಂದು ಬಣ್ಣ, ಅಡ್ಡದ ಹೊಕ್ಕಿನಲ್ಲಿ ಇನ್ನೊಂದು ಬಣ್ಣದ ನೂಲು ಹಾಕಿದ ಖಣವನ್ನು ಕೈಯಲ್ಲಿ ಹಿಡಿದು ಸ್ವಲ್ಪ ವಾಲಿಸಿ ನೋಡಿ, ಈ ಕಡೆಯಿಂದ ನೇರಳೆ, ಆ ಕಡೆಯಿಂದ ಹಸಿರು ಮಿಂಚುತ್ತದೆ. ಎರಡು ಮೂರು ಬಣ್ಣದ ಸೀರೆಗೆ ಒಂದೇ ಕುಬಸ ಹೊಂದುತ್ತದೆ. ಈಗ ಹುಡುಗಿಯರು ಅದರಲ್ಲಿ ಚೀಲ, ದಿಂಬಿನ ಕವರು, ಕಿವಿಯೋಲೆ ಕೂಡ ಮಾಡಿಸುತ್ತಿದ್ದಾರೆ. ಮನೆಯ ಗೋಡೆಗೆ ವರ್ಷಕ್ಕೊಂದು ಪೇಂಟ್ ಬದಲಿಸುವುದಕ್ಕಿಂತ ಎರಡು ದಿಂಬಿನ ಕವರು ಬದಲಿಸುವುದು ಎಷ್ಟೋ ವಾಸಿ.

ಕೊಳ್ಳುವಾಗ ಎರಡು ಕೆಲಸ ಮರೆಯಬೇಡಿ. ಅಂಗಡಿಯ ಎಲ್‌ಇಡಿ ಬೆಳಕನ್ನು ನಂಬಬೇಡಿ. ಒಳಗೆ ಚೆನ್ನಾಗಿ ಹೊಂದಿದ ಸೀರೆ, ಕುಬಸ ಹೊರಗೆ ಬಂದರೆ ಬೇರೆ ಬೇರೆ ಬಣ್ಣ ಕಾಣಬಹುದು, ಅದಕ್ಕೇ ಎರಡನ್ನೂ ಬಾಗಿಲಿಗೆ ತಂದು, ಬಿಸಿಲಿಗೆ ಹಿಡಿದು, ಕೊರಳ ಹತ್ತಿರ ಇಟ್ಟು ಕನ್ನಡಿ ನೋಡಿ. ಇನ್ನೊಂದು, ಕೆಂಪು, ಕಪ್ಪು, ನೀಲಿ ಸೀರೆಯಾದರೆ ಒದ್ದೆ ಬಿಳಿ ಕರ್ಚೀಫಿನಿಂದ ಒಳಗಿನ ಮೂಲೆಯನ್ನು ಮೆಲ್ಲಗೆ ತಿಕ್ಕಿ ನೋಡಿ. ಬಣ್ಣ ಹತ್ತಿದರೆ ಅದನ್ನು ಬೇರೆ ಬಟ್ಟೆ ಜೊತೆ ತೊಳೆಯುವ ಹಾಗಿಲ್ಲ.

ನಿಮಗೆ ಬೇಕಾದ ಬಣ್ಣ ಅಂಗಡಿಯಲ್ಲಿ ಸಿಗದಿದ್ದರೆ ಬೆಟಗೇರಿಗೋ ಗಜೇಂದ್ರಗಡಕ್ಕೋ ಹೋಗಿ ನೇಕಾರರನ್ನೇ ಕೇಳಿ. ಹಬ್ಬ ನಾಳೆ ಅನ್ನುವಾಗ ಹೋಗಬೇಡಿ. ನೂಲಿಗೆ ಬಣ್ಣ ಹಾಕಿ, ಒಣಗಿಸಿ, ಹಾಸು ಹೂಡಿ ನೇಯಲು ಅವರಿಗೂ ದಿನ ಬೇಕು. ದಸರೆಗೆ ಬೇಕೆಂದರೆ ಶ್ರಾವಣಕ್ಕಿಂತ ಮೊದಲೇ ಹೇಳಿ, ಬೇಕಾದ ಬಣ್ಣದ ಒಂದು ತುಂಡು ಬಟ್ಟೆಯನ್ನೂ ಜೊತೆಗೆ ಒಯ್ಯಿರಿ. ಮೊಬೈಲಿನ ಫೋಟೋದಲ್ಲಿ ಬಣ್ಣ ಸರಿಯಾಗಿ ಕಾಣುವುದಿಲ್ಲ.

ನಮಸ್ಕಾರ.