ಪಾಠದ ವಿಡಿಯೋ ಎಡಿಟಿಂಗ್: ಏನನ್ನು ಕತ್ತರಿಸಬೇಕು, ಏನನ್ನು ಉಳಿಸಬೇಕು

[ತೆರೆಯ ಮೇಲೆ: ಟೈಮ್‌ಲೈನ್‌ನಲ್ಲಿ ಗಣಿತ ಪಾಠವೊಂದರ ರೆಕಾರ್ಡಿಂಗ್]

ನಮಸ್ಕಾರ. ಪಾಠದ ರೆಕಾರ್ಡಿಂಗ್ ಮುಗಿದ ಕೂಡಲೇ ಹಲವರ ಕೈ ಹೋಗುವುದು ಶೀರ್ಷಿಕೆಯ ಅನಿಮೇಷನ್ ಮತ್ತು ಹಿನ್ನೆಲೆ ಸಂಗೀತದ ಕಡೆಗೆ. ದಯವಿಟ್ಟು ಅವೆರಡನ್ನೂ ಬದಿಗಿಡಿ. ಚಿತ್ರ ತುಸು ಮಸುಕಾಗಿದ್ದರೆ ವಿದ್ಯಾರ್ಥಿಗಳು ಸಹಿಸಿಕೊಳ್ಳುತ್ತಾರೆ. ಮಾತು ಸರಿಯಾಗಿ ಕೇಳಿಸದಿದ್ದರೆ ವಿಡಿಯೋವನ್ನೇ ಮುಚ್ಚುತ್ತಾರೆ. ಹಾಗಾಗಿ ಮೊದಲು ಧ್ವನಿಯನ್ನು ನೋಡೋಣ.

[ತೆರೆಯ ಮೇಲೆ: ಆಡಾಸಿಟಿ, ಆರಂಭದ ಮೌನದ ಭಾಗ ಆಯ್ಕೆಯಾಗಿದೆ]

ಆಡಾಸಿಟಿ ಉಚಿತವಾಗಿ ಸಿಗುವ ತಂತ್ರಾಂಶ. ನೀವು ಮಾತು ಶುರುಮಾಡುವ ಮುಂಚಿನ ಒಂದೆರಡು ಸೆಕೆಂಡುಗಳನ್ನು ಆಯ್ದುಕೊಳ್ಳಿ. ಅಲ್ಲಿರುವುದು ಫ್ಯಾನಿನ ಸದ್ದು ಮಾತ್ರ. ‘ನಾಯ್ಸ್ ರಿಡಕ್ಷನ್’ ತೆರೆದು ‘ಗೆಟ್ ನಾಯ್ಸ್ ಪ್ರೊಫೈಲ್’ ಒತ್ತಿದರೆ, ತೆಗೆಯಬೇಕಾದ ಸದ್ದು ಯಾವುದೆಂಬ ಗುರುತು ತಂತ್ರಾಂಶಕ್ಕೆ ಸಿಗುತ್ತದೆ. ಆಮೇಲೆ ಇಡೀ ಟ್ರ್ಯಾಕನ್ನು ಆಯ್ದು ಅದೇ ಪರಿಣಾಮವನ್ನು ಹಾಕಿ. ಆದರೆ ಅಳತೆಯನ್ನು ಕೊನೆಯವರೆಗೂ ಎಳೆಯಬೇಡಿ. ಸದ್ದಿನ ಜೊತೆಗೆ ‘ಸ’, ‘ಶ’ಗಳೂ ಸವೆದುಹೋಗಿ, ದನಿ ನೀರಿನೊಳಗಿಂದ ಬಂದಂತೆ ಕೇಳಿಸುತ್ತದೆ. ಫ್ಯಾನಿನ ಸದ್ದು ಚೂರು ಉಳಿದರೂ ಪರವಾಗಿಲ್ಲ, ಅಕ್ಷರಗಳು ಸ್ಪಷ್ಟವಾಗಿರಲಿ. ಸುಮಾರು 80 ಹರ್ಟ್ಸ್‌ಗಿಂತ ಕೆಳಗಿನ ಗುಂಯ್ ಸದ್ದಿಗೆ, ತಗ್ಗಿನ ಸದ್ದನ್ನು ತಡೆದು ಮೇಲಿನದನ್ನು ಮಾತ್ರ ಬಿಡುವ ಹೈ-ಪಾಸ್ ಫಿಲ್ಟರ್ ಸಾಕು.

ಮೊಬೈಲಿನಲ್ಲಿ ಚಿತ್ರೀಕರಿಸಿದವರಿಗೆ ಒಂದು ಮಾತು. ಮಾತಿಗೂ ತುಟಿಗೂ ಹೊಂದಾಣಿಕೆ ಬರಬರುತ್ತಾ ತಪ್ಪುತ್ತಿದ್ದರೆ, ಫ್ರೇಮ್ ದರ, ಅಂದರೆ ಸೆಕೆಂಡಿಗೆ ದಾಖಲಾಗುವ ಚಿತ್ರಗಳ ಸಂಖ್ಯೆ, ಏರಿಳಿಯುತ್ತಿರುವ ಸಾಧ್ಯತೆ ಹೆಚ್ಚು. ಎಡಿಟಿಂಗ್‌ಗೆ ಮುನ್ನವೇ ಹ್ಯಾಂಡ್‌ಬ್ರೇಕ್ ತಂತ್ರಾಂಶದಲ್ಲಿ ಸ್ಥಿರ ಫ್ರೇಮ್ ದರಕ್ಕೆ ಬದಲಿಸಿಕೊಳ್ಳಿ.

[ತೆರೆಯ ಮೇಲೆ: ಧ್ವನಿಯ ಅಲೆ, ನಡುವೆ ಸಪಾಟಾದ ನಾಲ್ಕು ಸೆಕೆಂಡು]

ಇನ್ನು ಕತ್ತರಿ. ಮೌನವನ್ನು ತಾನಾಗಿಯೇ ಹುಡುಕಿ ತೆಗೆದುಹಾಕುವ ಸಾಧನಗಳು ಈಗ ಬೇಕಾದಷ್ಟಿವೆ. ಪಾಠದ ವಿಡಿಯೋದಲ್ಲಿ ಅವುಗಳನ್ನು ಕಣ್ಣುಮುಚ್ಚಿ ನಂಬಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಈ ತುಣುಕನ್ನೇ ನೋಡಿ. “ಗುಣಿಸಿದರೆ 6, ಕೂಡಿದರೆ 5 ಬರುವ ಎರಡು ಸಂಖ್ಯೆಗಳು ಯಾವುವು?” ಎಂದು ಕೇಳಿ ಶಿಕ್ಷಕಿ ನಾಲ್ಕು ಸೆಕೆಂಡು ಸುಮ್ಮನಿದ್ದಾರೆ. ಬಳಿಕ “2 ಮತ್ತು 3” ಎನ್ನುತ್ತಾರೆ. ಆ ನಾಲ್ಕು ಸೆಕೆಂಡು ವಿದ್ಯಾರ್ಥಿಯ ಪಾಲಿನದು. ಲೆಕ್ಕ ನಡೆಯುವುದು ಅಲ್ಲೇ. ಅದನ್ನು ಕತ್ತರಿಸಿದರೆ ಪ್ರಶ್ನೆಯ ಬೆನ್ನಿಗೇ ಉತ್ತರ ಬಂದು ಬೀಳುತ್ತದೆ, ಯೋಚಿಸಲು ಯಾರಿಗೂ ಬಿಡುವಿರುವುದಿಲ್ಲ. ಡಸ್ಟರ್ ಹುಡುಕಿದ್ದು, ಸ್ಲೈಡ್ ತೆರೆದುಕೊಳ್ಳಲು ಕಾದದ್ದು, ಒಂದೇ ವಾಕ್ಯವನ್ನು ಎರಡು ಸಲ ಶುರುಮಾಡಿದ್ದು ಇವೆಲ್ಲ ಧಾರಾಳವಾಗಿ ಹೋಗಲಿ. ಬೋರ್ಡಿನ ಮೇಲೆ ಹೊಸ ಸಾಲು ಮೂಡಿದ ನಂತರದ ಬಿಡುವಿಗೆ ಮಾತ್ರ ಕೈಹಚ್ಚಬೇಡಿ.

ಉದ್ದ ಎಷ್ಟಿರಬೇಕು? ಆನ್‌ಲೈನ್ ಕಲಿಕೆಯ ತಾಣವಾದ ಎಡ್‌ಎಕ್ಸ್‌ನ ಕೋರ್ಸ್‌ಗಳ ಸುಮಾರು 69 ಲಕ್ಷ ವೀಕ್ಷಣೆಗಳನ್ನು ಪರಿಶೀಲಿಸಿ 2014ರಲ್ಲಿ ಪ್ರಕಟವಾದ ಅಧ್ಯಯನವೊಂದು, ಆರು ನಿಮಿಷದೊಳಗಿನ ವಿಡಿಯೋಗಳೇ ವಿದ್ಯಾರ್ಥಿಗಳನ್ನು ಚೆನ್ನಾಗಿ ಹಿಡಿದಿಡುತ್ತವೆ ಎಂದು ಕಂಡುಕೊಂಡಿತು. ಹಾಗೆಂದು ಗಡಿಯಾರ ನೋಡಿ ಕತ್ತರಿಸಿದರೆ ಪ್ರಮೇಯದ ಸಾಧನೆಯೊಂದು ಅರ್ಧಕ್ಕೇ ತುಂಡಾದೀತು. ಪರಿಕಲ್ಪನೆ ಮುಗಿಯುವಲ್ಲಿ ಕತ್ತರಿಸಿ. ಅದು ಎಂಟು ನಿಮಿಷವಾದರೆ ಎಂಟೇ ಇರಲಿ.

[ತೆರೆಯ ಮೇಲೆ: ಸಮೀಕರಣದ ಒಂದು ಪದ ಮಾತ್ರ ಬಣ್ಣ ಬದಲಿಸುತ್ತದೆ]

ಚಿತ್ರಕ್ಕೆ ಸೇರಿಸುವುದಿದ್ದರೆ ಬೆರಳು ತೋರುವ ಕೆಲಸ ಮಾಡುವಂಥದ್ದನ್ನು ಸೇರಿಸಿ: ಮಾತು ಯಾವ ಪದದ ಮೇಲಿದೆಯೋ ಅದಕ್ಕೆ ಬಣ್ಣ, ಒಂದು ಬಾಣ, ಅಗತ್ಯವಿದ್ದಲ್ಲಿ ಹಿಗ್ಗಿಸಿದ ನೋಟ. 4ಕೆಯಲ್ಲಿ ಚಿತ್ರೀಕರಿಸಿ 1080ಪಿ ವಿಡಿಯೋ ಮಾಡುವುದಾದರೆ ಎರಡರಷ್ಟು ಹಿಗ್ಗಿಸಿದರೂ ಸ್ಪಷ್ಟತೆ ಕೆಡುವುದಿಲ್ಲ. ಸಂಗೀತವನ್ನು ಬದಿಗಿಡಿ ಎಂದದ್ದು ಸುಮ್ಮನೆ ಅಲ್ಲ. ಪಾಠಕ್ಕೆ ಸಂಬಂಧಪಡದ ಸಂಗೀತ, ಚಿತ್ರಗಳು ಕಲಿಕೆಗೆ ಅಡ್ಡಿಯಾಗುತ್ತವೆ ಎಂಬುದನ್ನು ಮನಶ್ಶಾಸ್ತ್ರಜ್ಞ ರಿಚರ್ಡ್ ಮೇಯರ್ ಪ್ರಯೋಗಗಳಿಂದ ತೋರಿಸಿದ್ದಾರೆ.

ಸ್ವಯಂಚಾಲಿತ ಉಪಶೀರ್ಷಿಕೆಯನ್ನು ತಿದ್ದದೆ ಪ್ರಕಟಿಸಬೇಡಿ. ‘ಧನ’ ಇದ್ದಲ್ಲಿ ‘ಋಣ’, ‘ಆಗುತ್ತದೆ’ ಇದ್ದಲ್ಲಿ ‘ಆಗುವುದಿಲ್ಲ’ ಬಂದರೆ, ಕಿವಿ ಕೇಳದ ವಿದ್ಯಾರ್ಥಿ ಕಲಿಯುವುದು ಆ ತಪ್ಪನ್ನೇ. ಪಾರಿಭಾಷಿಕ ಪದ, ಚಿಹ್ನೆ, ಸಂಖ್ಯೆ ಮೂರನ್ನೂ ಸಾಲುಸಾಲಾಗಿ ಪರೀಕ್ಷಿಸಿ. ಯೂಟ್ಯೂಬಿನಲ್ಲಿ ಅಧ್ಯಾಯಗಳು ಬೇಕಿದ್ದರೆ ವಿವರಣೆಯಲ್ಲಿ 0:00ರಿಂದ ಆರಂಭಿಸಿ ಕನಿಷ್ಠ ಮೂರು ಸಮಯಗಳನ್ನು ಕ್ರಮವಾಗಿ ಕೊಡಿ. ಪ್ರತಿ ಭಾಗವೂ ಹತ್ತು ಸೆಕೆಂಡಾದರೂ ಇರಬೇಕು.

[ತೆರೆಯ ಮೇಲೆ: ಅದೇ ಪಾಠ, ಮೊಬೈಲ್ ಪರದೆಯಲ್ಲಿ]

ಎಚ್.264 ಎಂಪಿ4 (ಬಹುತೇಕ ಎಲ್ಲ ಸಾಧನಗಳಲ್ಲೂ ತೆರೆಯುವ ವಿಡಿಯೋ ರೂಪ) ಕಡತ ಸಿದ್ಧವಾದ ಮೇಲೆ ಅದನ್ನು ಮೊಬೈಲಿನಲ್ಲೇ ಪೂರ್ತಿ ನೋಡಿ. ಓದಲಾಗದ ಸಾಲು ಕಂಡಲ್ಲೆಲ್ಲ ಸಮಯ ಬರೆದಿಟ್ಟುಕೊಂಡು, ಟೈಮ್‌ಲೈನ್‌ಗೆ ಮರಳಿ ಆ ಭಾಗವನ್ನು ಹಿಗ್ಗಿಸಿ, ಮತ್ತೊಮ್ಮೆ ಎಕ್ಸ್‌ಪೋರ್ಟ್ ಮಾಡಿ.